ಕೌಜುಗದ ಕೂಗು

ಅಕ್ಕಲಕೋಟೆಯಿಂದ ಮೈಂದರ್ಗಿಯ ಕಡೆ ಹೊರಟರೆ ಎರೆಹೊಲಗಳ ನಡುನಡುವೆ ಕಲ್ಲುಮರಡಿಗಳು ಸಿಗುತ್ತವೆ. ನೇಗಿಲು ಹೋಗದ ನೆಲ. ಜಾಲಿ, ಬಾರಿಕಂಟಿ, ತಂಗಡಿ, ಮೊಣಕಾಲೆತ್ತರದ ಒಣಹುಲ್ಲು. ಹಗಲಲ್ಲಿ ನೋಡಿದವರು ಬರಡು ಎಂದು ಹೇಳಿ ಮುಂದೆ ಹೋಗುತ್ತಾರೆ. ಆ ಬರಡಿನಿಂದ ಚೈತ್ರ ವೈಶಾಖದ ನಸುಕಿನಲ್ಲಿ ಏಳುವ ಕೌಜುಗದ ಕೂಗಿನಷ್ಟು ತುಂಬಿದ ದನಿ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕೋಗಿಲೆಗೆ ಕವಿಗಳಿದ್ದಾರೆ, ನವಿಲಿಗೆ ದೇವರಿದ್ದಾನೆ. ಕೌಜುಗಕ್ಕೆ ಇದ್ದವನು ಬೇಟೆಗಾರ. ಅದರ ದನಿಯನ್ನು ಅವನಷ್ಟು ಗಮನವಿಟ್ಟು ಕೇಳಿದವರು ಬೇರೆ ಯಾರೂ ಇಲ್ಲ. ಹಾಗಾಗಿ ಈ ಹಕ್ಕಿಯ ಸೊಗಸನ್ನು ಹೇಳಹೊರಟರೆ ಬೇಟೆಯ ವಿದ್ಯೆಯನ್ನೂ ಹೇಳಬೇಕಾಗುತ್ತದೆ.

ಕರ್ಕಶ ಎನ್ನುವವರಿದ್ದಾರೆ. ದೂರದಿಂದ, ಅರೆನಿದ್ದೆಯಲ್ಲಿ, ಮನೆಯೊಳಗೆ ಮಲಗಿ ಕೇಳಿದರೆ ಹಾಗೆ ಅನ್ನಿಸೀತು. ಮರಡಿಯ ಮೇಲೆ ಕೂತು ಕೇಳಿದರೆ ಅದರ ಕಟ್ಟು ತಿಳಿಯುತ್ತದೆ. ಮೊದಲು ಎರಡು ಮೂರು ಬಿಡಿ ಸ್ವರ: ಕಿಲ, ಕಿಲ, ಕಿಲ. ನಡುವೆ ಬಿಡುವು. ಆಮೇಲೆ ಸ್ವರಗಳು ಹತ್ತಿರ ಬರುತ್ತವೆ, ಏರುತ್ತವೆ, ಇದ್ದಕ್ಕಿದ್ದಂತೆ ಇಡೀ ಮರಡಿ ತುಂಬುವ ಹಾಗೆ ಕ-ತೀತರ್, ಕ-ತೀತರ್, ಕ-ತೀತರ್. ಮೂರು ಪೆಟ್ಟು, ನಡುವಿನದಕ್ಕೆ ಒತ್ತು. ಸೊಲ್ಲಾಪುರದ ಓಣಿಗಳಲ್ಲಿ ಚಾದರದ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಈ ಲಯ ಮೊದಲ ಸಲಕ್ಕೇ ಒಳಗಿಳಿಯುತ್ತದೆ. ಲಾಳಿ ಅತ್ತಿತ್ತ ಹಾಯುವಾಗಿನ ಅದೇ ತಪ್ಪದ ಎಣಿಕೆ, ಅದೇ ಆತುರ. ಇನ್ನೂ ಕಿವಿ ಕೊಟ್ಟರೆ ಅದು ಒಂದೇ ಹಕ್ಕಿಯ ದನಿ ಅಲ್ಲ ಎಂಬುದು ಗೊತ್ತಾಗುತ್ತದೆ. ಗಂಡಿನ ಕೂಗಿನ ಸಂದಿಗೆ ಸರಿಯಾಗಿ ಹೆಣ್ಣು ತನ್ನ ತೆಳುವಾದ ಸ್ವರವನ್ನು ಸೇರಿಸುತ್ತದೆ. ಇಬ್ಬರೂ ಸೇರಿ ಒಂದು ಸಾಲು ಕಟ್ಟುತ್ತಾರೆ. ಅದು ಮುಗಿಯುವ ಹೊತ್ತಿಗೆ ಪಕ್ಕದ ಒಡ್ಡಿನಿಂದ ಇನ್ನೊಂದು ಜೋಡಿ, ಹಳ್ಳದಾಚೆಯಿಂದ ಮತ್ತೊಂದು. ಸೂರ್ಯ ಮೂಡುವ ಮುಂಚಿನ ಆ ಅರ್ಧ ಗಂಟೆಯಲ್ಲಿ ಯಾವ ಕಂಟಿಯಿಂದ ಯಾವ ಕಂಟಿಯವರೆಗೆ ಯಾರ ಸರಹದ್ದು ಎಂಬ ಲೆಕ್ಕವೆಲ್ಲ ದನಿಯಲ್ಲೇ ಚುಕ್ತಾ ಆಗುತ್ತದೆ.

ಹಕ್ಕಿ ನೋಡಲು ಸಣ್ಣದು. ಉದ್ದ ಒಂದು ಅಡಿ, ತೂಕ ಕಾಲು ಕಿಲೋಗಿಂತ ತುಸು ಹೆಚ್ಚು. ಮೈಮೇಲೆ ಬೂದು, ಕಂದು, ಕೆನೆ ಬಣ್ಣದ ಗೆರೆಗಳು ಎಷ್ಟು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ ಎಂದರೆ, ಅದು ಕದಲದೆ ನಿಂತಾಗ ಕಣ್ಣು ಅದರ ಮೇಲೇ ಹರಿದುಹೋಗುತ್ತದೆ, ಕಾಣುವುದಿಲ್ಲ. ಕೆನೆಬಣ್ಣದ ಗಂಟಲನ್ನು ಸುತ್ತಿದ ಒಂದು ಕಪ್ಪು ಗೆರೆ, ಮಾಸಲು ಕೆಂಪಿನ ಕಾಲು, ಗಂಡಿನ ಕಾಲಲ್ಲಿ ಚೂಪಾದ ಮುಳ್ಳು. ಓಡುವುದರಲ್ಲಿ ಬಲು ಜಾಣ, ಹಾರಲು ಮನಸ್ಸಿಲ್ಲ. ತೀರ ಮೇಲೆ ಬಿದ್ದರೆ ಮಾತ್ರ ಭರ್ರನೆ ಎದ್ದು, ಬಾಲದ ಇಟ್ಟಿಗೆ ಬಣ್ಣ ಒಮ್ಮೆ ತೋರಿಸಿ, ಸ್ವಲ್ಪ ದೂರದಲ್ಲಿ ಇಳಿದು ಮತ್ತೆ ಓಟ. ಇಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತದೆ ಎಂಬ ಬೆರಗು ನನಗೆ ಇವತ್ತಿಗೂ ಹೋಗಿಲ್ಲ.

ಬೇಟೆಗೆ ಹೊಸದಾಗಿ ಇಳಿಯುವವನು ಮೊದಲು ಕಲಿಯಬೇಕಾದದ್ದು ಹಕ್ಕಿ ಇಲ್ಲದಾಗ ಹಕ್ಕಿಯನ್ನು ಓದುವುದು. ಇದನ್ನು ನನಗೆ ತಿಳಿಸಿಕೊಟ್ಟವರು ಬೋರಿ ಹೊಳೆಯ ದಂಡೆಯ ಒಂದು ವಸತಿಯಲ್ಲಿದ್ದ, ಬೇಟೆಯನ್ನೇ ನಂಬಿ ಬದುಕಿದ ಪಾರಧಿ ಬುಡಕಟ್ಟಿನ ಒಬ್ಬ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಅವರು ಫಾಸಿ, ಅಂದರೆ ಹಕ್ಕಿ ಹಿಡಿಯುವ ಕುಣಿಕೆ, ಒಗೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಣ್ಣು, ಕಿವಿ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಅವರ ಜೊತೆ ನಡೆದರೆ ಬರಡು ನೆಲ ಪುಸ್ತಕವಾಗುತ್ತಿತ್ತು. ಕಾಲುಹಾದಿಯ ಮಗ್ಗುಲಿಗೆ ನುಣ್ಣನೆಯ ಹುಡಿಮಣ್ಣಿನಲ್ಲಿ ಬಟ್ಟಲಿನಂಥ ತಗ್ಗು ಇದ್ದರೆ ಅಲ್ಲಿ ಕೌಜುಗ ಧೂಳಲ್ಲಿ ಹೊರಳಾಡಿದೆ. ಒಂದೆರಡು ಪುಕ್ಕವೂ ಅಲ್ಲಿಯೇ ಸಿಗುತ್ತದೆ. ಒಣಗಿದ ಸಗಣಿ ಮಗುಚಿ ಬಿದ್ದಿದ್ದರೆ, ಗೆದ್ದಲಿನ ಮಣ್ಣು ಕೆದರಿದ್ದರೆ, ಅದು ಬೆಳಗಿನ ಊಟದ ಜಾಗ. ಹುಡಿಯಲ್ಲಿ ಮುಂದಿನ ಮೂರು ಬೆರಳು ಚೆನ್ನಾಗಿ ಮೂಡಿ, ಹಿಂಬೆರಳು ಮುಟ್ಟಿಯೂ ಮುಟ್ಟದಂತಿದ್ದರೆ ಹೆಜ್ಜೆ ಅದರದೇ. ದಟ್ಟವಾದ ಜಾಲಿಯ ಕೆಳಗೆ, ತುದಿಗೆ ಬಿಳಿ ಹಚ್ಚಿದ ಹಿಕ್ಕೆ ಗುಂಪಾಗಿ ಬಿದ್ದಿದ್ದರೆ ರಾತ್ರಿ ಇಡೀ ಸಂಸಾರ ಆ ಮುಳ್ಳಿನ ಟೊಂಗೆಯ ಮೇಲೆ ಮಲಗುತ್ತದೆ. ನೆಲದ ಹಕ್ಕಿ ಎಂದು ಕಂಡವರು ಅದರ ಮಲಗುವ ಕೋಣೆಯನ್ನು ನೆಲದಲ್ಲಿ ಹುಡುಕುತ್ತಾರೆ. ಕಾಕಾ ಮೊದಲು ತಲೆಯೆತ್ತಿ ನೋಡುತ್ತಿದ್ದರು.

ಸಂಜೆಗೆ ಮತ್ತೆ ಅದೇ ಜಾಲಿಯ ಹತ್ತಿರ ಹೋಗಿ, ಗಾಳಿಗೆ ಎದುರಾಗಿ ಕೂತು, ಎಷ್ಟು ಹಕ್ಕಿ ಏರಿದವು, ಯಾವ ಮಗ್ಗುಲಿಂದ ಬಂದವು ಎಂದು ಗಮನಿಸುವುದು ಎರಡನೆಯ ಪಾಠ. ಎಲ್ಲಿ ಮಲಗಿವೆ ಎಂಬುದು ಗೊತ್ತಿದ್ದರೆ ನಸುಕಿನಲ್ಲಿ ಎಲ್ಲಿ ಇಳಿಯುತ್ತವೆ ಎಂಬುದೂ ಗೊತ್ತಾದಂತೆ.

ಕರೆಯುವುದು ಇದೆಲ್ಲ ಆದ ಮೇಲಿನ ಮಾತು. ನಾನು ಅದಕ್ಕೇ ಆತುರಪಡುತ್ತಿದ್ದೆ. ಒಂದು ಸಂಜೆ ಕೇಳಿಯೂ ಬಿಟ್ಟೆ: “ಕಾಕಾ, ಹೆಂಗ ಕೂಗಿದ್ರ ಬರ್ತಾವು?”

“ಮಾಸ್ತರ, ಅದು ಏನು ಕೇಳಾಕತ್ತೈತಿ ಅನ್ನೂದ ತಿಳೀಲಿಲ್ಲಂದ್ರ ನೀವು ಏನಂತ ಓ ಅಂತೀರಿ?” ಅಂದರು.

ಅದರಲ್ಲಿ ಇಡೀ ವಿದ್ಯೆ ಇತ್ತು. ಕೂಗಿದ್ದು ಒಂಟಿ ಗಂಡೋ ಜೋಡಿಯೋ, ತನ್ನ ಜಾಗದಲ್ಲಿ ನಿಂತು ಕೂಗಿತೋ ಗಡಿಗೆ ಬಂದು ಕೂಗಿತೋ, ಮೊಟ್ಟೆಯಿಟ್ಟ ಕಾಲವೋ, ಮರಿಗಳನ್ನು ಸೇರಿಸುವ ಮೆಲುದನಿಯೋ: ಇವನ್ನೆಲ್ಲ ಕಿವಿಯಲ್ಲಿ ವಿಂಗಡಿಸಿದ ಮೇಲೆ ಕರೆ. ಆ ಸಂಜೆ ಅವರು ತಮ್ಮ ಅಂಗಳದಲ್ಲಿ ಕೂತು ಕೂಗಿ ತೋರಿಸಿದರು. ಯಾವ ಸೀಟಿ, ಕೊಳವೆ ಇಲ್ಲ. ಗಂಟಲು, ನಾಲಿಗೆ, ಬಾಯಿಗೆ ಅಡ್ಡ ಹಿಡಿದ ಅಂಗೈ ಇಷ್ಟೇ. ಮೊದಲು ಗಂಡಿನ ತುಂಬುದನಿ. ಆಮೇಲೆ ಅದನ್ನೇ ಒಂದು ಮಟ್ಟ ಇಳಿಸಿ, ಸಾಲು ಪೂರ್ತಿ ಮಾಡದೆ, ನಡುವೆ ಬಿಟ್ಟುಬಿಟ್ಟರು. ಎಳೆಯ ಗಂಡು, ಹೊಸದಾಗಿ ಜಾಗ ಹುಡುಕುತ್ತಿರುವುದು, ಇನ್ನೂ ಧೈರ್ಯ ಸಾಲದ್ದು. ಅಂಥ ದನಿ ಕೇಳಿದರೆ ಜಾಗದ ಯಜಮಾನ ಸುಮ್ಮನಿರುವುದಿಲ್ಲ, ಅಟ್ಟಿಸಿಕೊಂಡು ಹೋಗಲು ಬರುತ್ತದೆ ಎಂದರು. ತನಗಿಂತ ಬಲವಾದ ದನಿ ಕೇಳಿದರೆ ಅನುಮಾನದಿಂದ ನಿಲ್ಲುತ್ತದಂತೆ. ತನ್ನ ಶಕ್ತಿಯನ್ನೆಲ್ಲ ತೋರದೆ, ಎದುರಿನ ದನಿಗೆ ಒಂದು ಕೂದಲಿನಷ್ಟು ಕೆಳಗೆ ನಿಲ್ಲಿಸುವ ಆ ಸಂಯಮವನ್ನು ನಾನು ದೊಡ್ಡ ಗವಾಯಿಗಳಲ್ಲಿ ಮಾತ್ರ ಕೇಳಿದ್ದೇನೆ.

ಬಾಯಿಯಿಂದ ಕೂಗುವುದಕ್ಕಿಂತ ಹೆಚ್ಚಾಗಿ ಪಾರಧಿಗಳು ನಂಬಿದ್ದು ದೀವದ ಹಕ್ಕಿಯನ್ನು. ಮರಿಯಿಂದ ಸಾಕಿದ ಗಂಡು ಕೌಜುಗ, ಬಟ್ಟೆ ಮುಚ್ಚಿದ ಪಂಜರದಲ್ಲಿ. ಯಜಮಾನ ಬಿಟ್ಟರೆ ಅವನ ಕಾಲ ಹಿಂದೆ ನಾಯಿಮರಿಯ ಹಾಗೆ ಓಡಿಬರುವಷ್ಟು ಸಲುಗೆ. ನಸುಕಿಗೆ ಮುಂಚೆ ಅದನ್ನು ಕಂಟಿಯಲ್ಲಿಟ್ಟು, ಸುತ್ತ ಸಣ್ಣ ಗೂಟಗಳಿಗೆ ಕುದುರೆಬಾಲದ ಕೂದಲಿನ ಫಾಸಿಗಳನ್ನು ಸಾಲಾಗಿ ಕಟ್ಟಿ, ಬೇಟೆಗಾರ ದೂರ ಸರಿಯುತ್ತಿದ್ದ. ಬೆಳಕು ಹರಿಯುತ್ತಲೇ ದೀವ ಕೂಗುತ್ತದೆ. ನನ್ನ ನೆಲದಲ್ಲಿ ಯಾರಿವನು ಎಂದು ಕಾಡಿನ ಗಂಡು ಕತ್ತು ನಿಗುರಿಸಿ ಬರುತ್ತದೆ. ಕೊರಳೋ ಕಾಲೋ ಫಾಸಿಗೆ ಬೀಳುತ್ತದೆ. ಚಿಗರಿಯ ಬೇಟೆಯಲ್ಲಿ ಇದೇ ಜನ ಪಳಗಿಸಿದ ದನವನ್ನು ಮುಂದೆ ಬಿಟ್ಟು ಅದರ ಮರೆಯಲ್ಲಿ ನಡೆಯುತ್ತಿದ್ದರು.

ಇದು ಇಂದು ನಿನ್ನೆಯ ಕಲೆ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 1129ರ ಸುಮಾರಿನ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ನಡುವೆ ಬೇಟೆಗೆ, ಡೇಗೆಯ ಬೇಟೆಗೆ, ಲಾವಕ್ಕಿಗಳ ಕಾಳಗಕ್ಕೆ ಪ್ರತ್ಯೇಕ ಭಾಗಗಳಿವೆ. ಸಾಕಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವ ಬೇಟೆಯೂ ಅದರಲ್ಲಿದೆ. ಕಲ್ಯಾಣ ನಮ್ಮ ಸೊಲ್ಲಾಪುರದಿಂದ ಬಹಳ ದೂರದ್ದಲ್ಲ. ಸಿದ್ಧರಾಮನ ಸೊನ್ನಲಿಗೆಯಾಗಿದ್ದ ಇದು ಅದೇ ನಾಡಿನ ಊರು. ರಾಜನಿಗೆ ವಿನೋದವಾಗಿದ್ದದ್ದು ಪಾರಧಿಗೆ ಹೊಟ್ಟೆಪಾಡು. ಗ್ರಂಥ ರಾಜನ ಹೆಸರಲ್ಲಿ ಉಳಿಯಿತು, ವಿದ್ಯೆ ಪಾರಧಿಯ ಗಂಟಲಲ್ಲಿ ಉಳಿಯಿತು. ಅಕ್ಕಲಕೋಟೆಯ ಭೋಸಲೆ ಅರಸರ ಶಸ್ತ್ರಾಗಾರದಲ್ಲಿ ಬಂದೂಕು, ಕತ್ತಿಗಳನ್ನು ಸಾಲಾಗಿ ಇಟ್ಟಿದ್ದಾರೆ, ನೋಡಬೇಕಾದ ಸಂಗ್ರಹ. ಕುದುರೆಕೂದಲಿನ ಒಂದು ಫಾಸಿಗೂ ಅಂಥ ಕಡೆ ಜಾಗ ಸಿಗಬೇಕು ಎಂದು ನನಗೆ ಅನ್ನಿಸುತ್ತದೆ. ಅದರ ಹಿಂದಿನ ಬುದ್ಧಿ ಕತ್ತಿಯ ಹಿಂದಿನದಕ್ಕಿಂತ ಸೂಕ್ಷ್ಮ.

ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಯೂ ಹೀಗೆ ಕರೆಯ ಮೇಲೆಯೇ ನಿಂತಿದೆ. ವಸಂತದಲ್ಲಿ ಗಂಡು ಟರ್ಕಿ ಗೊಳಗೊಳನೆ ಕೂಗಿ ಬಾಲ ಬಿಚ್ಚಿ ನಿಲ್ಲುತ್ತದೆ. ಬೇಟೆಗಾರ ಮರದ ಪೆಟ್ಟಿಗೆ ಉಜ್ಜಿಯೋ, ಸ್ಲೇಟಿನ ಮೇಲೆ ಕಡ್ಡಿ ಎಳೆದೋ, ಟರ್ಕಿಯದೇ ರೆಕ್ಕೆಮೂಳೆಯನ್ನು ಹೀರಿಯೋ ಹೆಣ್ಣಿನ ದನಿ ಮಾಡುತ್ತಾನೆ. ಹಿಂದಿನ ಸಂಜೆ ಗೂಬೆಯ ಹಾಗೆ ಕೂಗಿ, ಅದಕ್ಕೆ ಬೆಚ್ಚಿ ಗಂಡು ಓಗೊಟ್ಟರೆ ಮಲಗಿದ ಮರ ಯಾವುದು ಎಂದು ಗುರುತು ಹಾಕಿಕೊಳ್ಳುತ್ತಾನೆ. ಅಲ್ಲಿಯ ಸೊಗಸು ಬೇರೆ ಥರದ್ದು. ಕಾಡಿನ ರೀತಿಯಲ್ಲಿ ಗಂಡು ಕೂಗಿದ ಕಡೆಗೆ ಹೆಣ್ಣು ಹೋಗಬೇಕು. ಬೇಟೆಗಾರ ಅದನ್ನು ತಿರುಗಿಸಿ ಹೆಣ್ಣಿದ್ದಲ್ಲಿಗೆ ಗಂಡು ಬರಲಿ ಎಂದು ಕೇಳುತ್ತಾನೆ. ಹೆಚ್ಚು ಕರೆದರೆ ಗಂಡು, ಅವಳೇ ಬರುತ್ತಾಳೆ ಬಿಡು ಎಂದು ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಹೊಸಬರಿಗೆ ಅಲ್ಲಿಯೂ ಹಳಬರು ಹೇಳುವುದು ಕಡಿಮೆ ಕೂಗು ಎಂದೇ. ಟರ್ಕಿಗೆ ಆಸೆ ತೋರಿಸಿ ಕರೆಯಬೇಕು, ಕೌಜುಗಕ್ಕೆ ಸಿಟ್ಟು ಬರಿಸಿ ಕರೆಯಬೇಕು. ನನಗೆ ಎರಡನೆಯದು ಹೆಚ್ಚು ಕಷ್ಟದ್ದಾಗಿ ಕಾಣುತ್ತದೆ. ಸಿಟ್ಟಿನ ಅಳತೆ ಒಂದಿಷ್ಟು ತಪ್ಪಿದರೂ ಅದು ಹೆದರಿಕೆಯಾಗಿಬಿಡುತ್ತದೆ.

ನಮ್ಮ ಮರಡಿಯಲ್ಲಿ ಈ ಲೆಕ್ಕವನ್ನೇ ಬುಡಮೇಲು ಮಾಡುವ ಇನ್ನೊಂದು ಹಕ್ಕಿ ಇದೆ, ಗುಡುಗಾಡು ಹಕ್ಕಿ. ಲಾವಕ್ಕಿಯಷ್ಟೇ ಗಾತ್ರ. ಮಳೆಗಾಲದ ಹುಲ್ಲಿನೊಳಗಿಂದ ದೂರದ ಮೋಟಾರ್‌ಸೈಕಲ್ಲಿನಂತೆ ಡ್ರ್‌ರ್‌ರ್ ಎಂದು ಉದ್ದಕ್ಕೆ ಕೂಗುತ್ತದೆ. ಕೂಗುವುದು ಹೆಣ್ಣು. ಗಾತ್ರದಲ್ಲಿ ದೊಡ್ಡದೂ ಅದೇ, ಬಣ್ಣ ಗಾಢವಾಗಿರುವುದೂ ಅದಕ್ಕೇ, ಜಾಗಕ್ಕಾಗಿ ಜಗಳಕ್ಕೆ ನಿಲ್ಲುವುದೂ ಅದೇ. ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ನಡೆಸುವುದು ಗಂಡು. ದಕ್ಷಿಣದ ಹಕ್ಕಿಬೇಟೆಗಾರರಿಗೆ ಇದು ಚೆನ್ನಾಗಿ ತಿಳಿದಿತ್ತು. ಈ ಹಕ್ಕಿಗೆ ಅವರು ದೀವವಾಗಿ ಇಡುತ್ತಿದ್ದದ್ದು ಹೆಣ್ಣನ್ನು. ಮದರಾಸು ಸೈನ್ಯದ ವೈದ್ಯರಾಗಿದ್ದ ಜೆರ್ಡನ್ ಇದನ್ನು ಬರೆದಿಟ್ಟರು. ಡಾರ್ವಿನ್ 1871ರ ತಮ್ಮ ‘ಮಾನವನ ಅವತರಣ’ ಗ್ರಂಥದಲ್ಲಿ ಜೆರ್ಡನ್ ಮಾತನ್ನು ಎತ್ತಿಕೊಂಡರು. ಹೆಸರಿಲ್ಲದ ಬಲೆಗಾರನೊಬ್ಬ ಹುಲ್ಲಿನಲ್ಲಿ ಕೂತು ಕಂಡದ್ದು ಹೀಗೆ ಜಗತ್ತಿನ ವಿಜ್ಞಾನಕ್ಕೆ ಸಂದಿತು.

ಅದೇ 1871ರಲ್ಲಿ ಇಂಗ್ಲಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಹಬ್ಬಿ, ಅಲೆದಾಡಿ ಬದುಕುವ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿತು. ಸೊಲ್ಲಾಪುರದ ಸೆಟಲ್‌ಮೆಂಟ್ ಆ ಕಾಲದ್ದು, ಹೆಸರು ಇಂದಿಗೂ ಹಾಗೇ ಇದೆ. ಮರಡಿಯಿಂದ ಮರಡಿಗೆ ಕೂಗು ಹಿಡಿದು ನಡೆಯುವವನಿಗೆ ಬೆಳಿಗ್ಗೆ ಸಂಜೆ ಹಾಜರಿ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಆ ದಿನವನ್ನು ವಿಮುಕ್ತ ಜನರು ಹಬ್ಬವಾಗಿ ಆಚರಿಸುತ್ತಾರೆ. ಅನುಮಾನದ ಕಣ್ಣು ಮಾತ್ರ ಕಾಯ್ದೆಯೊಂದಿಗೆ ಹೋಗಲಿಲ್ಲ. ಕಾಕಾ ಪೇಟೆಗೆ ಹೋದಾಗ ದನಿ ತಗ್ಗಿಸಿ ಮಾತಾಡುತ್ತಿದ್ದರು. ಮರಡಿ ತುಂಬುವ ಹಾಗೆ ಕೂಗಬಲ್ಲ ಗಂಟಲು ಅದು. ಆ ತಗ್ಗಿದ ದನಿ ನನ್ನನ್ನು ಇಂದಿಗೂ ನೋಯಿಸುತ್ತದೆ.

ದೊಡ್ಡ ಹಕ್ಕಿಯ ವಿಷಯ ಹೇಳದೆ ಈ ಸೀಮೆಯ ಬೇಟೆಯ ಮಾತು ಮುಗಿಯುವುದಿಲ್ಲ. ಸೊಲ್ಲಾಪುರದಿಂದ ಬಾರ್ಶಿ ದಾರಿಯಲ್ಲಿ ನಾನ್ನಜ್. ಅಲ್ಲಿಯ ಹುಲ್ಲುಮಾಳ ಮಾಲಢೋಕ ಎಂಬ ಹಕ್ಕಿಯದು. ಬಳ್ಳಾರಿ ಕಡೆ ಎರೆಭೂತ ಎನ್ನುತ್ತಾರೆ. ಗಂಡು ಹದಿನೈದು ಕಿಲೋವರೆಗೆ ತೂಗುತ್ತದೆ. ಟರ್ಕಿಗೆ ಸರಿಗಟ್ಟುವ ಹಕ್ಕಿ ನಮ್ಮಲ್ಲಿ ಇದ್ದರೆ ಅದು ಇದೇ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಗಂಡು ಎತ್ತರದ ಒಂದು ಜಾಗ ಹಿಡಿದು ನಿಲ್ಲುತ್ತದೆ. ಗಂಟಲಿನ ಚೀಲಕ್ಕೆ ಗಾಳಿ ತುಂಬುತ್ತದೆ. ಬಿಳಿಯ ಚೀಲ ಕಾಲಿನ ನಡುವೆ ನೆಲ ಮುಟ್ಟುವಂತೆ ಇಳಿಯುತ್ತದೆ, ಬಾಲ ಬೆನ್ನಿನ ಮೇಲೆ ಮಡಚುತ್ತದೆ. ಆಮೇಲೆ ಒಳಗಿನಿಂದ ಒಂದು ‘ಹೂಂ’. ಅರ್ಧ ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಕೇಳಿದ ಹಿರಿಯರು ಎದೆಯ ಮೇಲೆ ಕೈಯಿಟ್ಟು ಆ ಸದ್ದನ್ನು ಮಾಡಿ ತೋರಿಸುತ್ತಾರೆ.

ಆ ಹಕ್ಕಿಗೆ ಕರೆ ಬೇಕಾಗಿರಲಿಲ್ಲ. ಬಯಲಲ್ಲಿ ಎದ್ದು ನಿಲ್ಲುತ್ತದೆ, ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. 1809ರಿಂದ 1829ರ ನಡುವೆ ಪಕ್ಕದ ಅಹ್ಮದನಗರ ಜಿಲ್ಲೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷಿನವ 961 ಮಾಲಢೋಕಗಳನ್ನು ಹೊಡೆದ ದಾಖಲೆ ಇದೆ. ನಾನು ಇದನ್ನು ಬೇಟೆ ಎನ್ನಲಾರೆ. ಕಿವಿಗೆ ಕೆಲಸವಿಲ್ಲದ, ಕಾಯುವಿಕೆ ಇಲ್ಲದ, ಹಕ್ಕಿಯೊಂದಿಗೆ ಒಂದು ಮಾತೂ ನಡೆಯದ ಕೊಲೆ ಅದು. ಪಾರಧಿ ಶತಮಾನಗಟ್ಟಲೆ ಫಾಸಿ ಒಗೆದರೂ ಕೌಜುಗ ಇನ್ನೂ ಕೂಗುತ್ತಿದೆ. 1979ರಲ್ಲಿ ಸೊಲ್ಲಾಪುರ, ಅಹ್ಮದನಗರ ಜಿಲ್ಲೆಗಳಲ್ಲಿ 8,496 ಚದರ ಕಿಲೋಮೀಟರಿನ ಮಾಲಢೋಕ ಅಭಯಾರಣ್ಯ ಘೋಷಣೆಯಾಯಿತು. ಹೊಲ, ಊರು, ದಾರಿ ಎಲ್ಲವೂ ಒಳಗೇ ಬಂದಿದ್ದರಿಂದ ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ನೀರಾವರಿ ಬಂತು, ಕಬ್ಬು ಬಂತು, ದ್ರಾಕ್ಷಿ ಬಂತು. ಇಡೀ ದೇಶದಲ್ಲಿ ಈಗ ಉಳಿದ ಮಾಲಢೋಕ ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಾನ್ನಜ್‌ನಲ್ಲಿ ಇಂದು ಚಿಗರಿ, ತೋಳ ಕಾಣುತ್ತವೆ, ಕೌಜುಗ ಕೇಳುತ್ತದೆ. ಆ ‘ಹೂಂ’ಗಾಗಿ ಹೋಗುವವರು ಬರಿಗಿವಿಯಲ್ಲಿ ಮರಳುತ್ತಾರೆ.

ಸೊಲ್ಲಾಪುರದಲ್ಲೇ 1932ರಲ್ಲಿ ಹುಟ್ಟಿದ ಮಾರುತಿ ಚಿತಮಪಲ್ಲಿಯವರು ಅರಣ್ಯಾಧಿಕಾರಿಯಾಗಿ ಮಹಾರಾಷ್ಟ್ರದ ಕಾಡುಗಳಲ್ಲಿ ಬಾಳು ಕಳೆದು, ಕಾಡಿನ ಜನರ ಬಾಯಿಂದ ಕೇಳಿದ್ದನ್ನು ಮರಾಠಿಯಲ್ಲಿ ಬರೆದರು, ಹಕ್ಕಿಗಳ ಕೋಶವನ್ನೇ ಕಟ್ಟಿದರು. 2006ರಲ್ಲಿ ಇದೇ ಊರಿನ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2025ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಇಲ್ಲೇ ತೀರಿಕೊಂಡರು. ಕಾಡಿನ ಜನರ ಅರಿವನ್ನು ಅರಿವೆಂದೇ ಗೌರವಿಸಿದವರು ಅವರು. ಕನ್ನಡ ಮಾತಾಡುವ ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಅಂಥ ಕೆಲಸ ಕನ್ನಡದಲ್ಲೂ ಆಗಬೇಕು. ಕಾಕಾರಂಥವರ ಬಾಯಲ್ಲಿ ಒಂದೊಂದು ಕೂಗಿಗೂ ಒಂದೊಂದು ಮಾತಿದೆ, ಅದನ್ನು ಕೇಳಿ ಬರೆದುಕೊಳ್ಳುವವರು ಬೇಕು.

1972ರ ವನ್ಯಜೀವಿ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ ಇವುಗಳಿಂದ ಪರವಾನಗಿಯ ಬೇಟೆಯೂ ನಿಂತಿತು. ಕೌಜುಗವನ್ನು ಹಿಡಿಯುವುದು, ಪಂಜರದಲ್ಲಿ ಸಾಕುವುದು ಇಂದು ಅಪರಾಧ. ಅದು ಸರಿಯಾದ ಕಾನೂನು. ಬೇಟೆಯಲ್ಲಿ ನಾನು ಮೆಚ್ಚುವುದೆಲ್ಲ ಫಾಸಿ ಬಿಗಿಯುವ ಮುಂಚೆಯೇ ಮುಗಿದಿರುತ್ತದೆ: ಹುಡಿಯ ಮೇಲಿನ ಹೆಜ್ಜೆ, ಜಾಲಿಯ ಕೆಳಗಿನ ಗುರುತು, ಕತ್ತಲಲ್ಲಿ ಕೂತು ಕಾಯುವುದು, ಮೊದಲ ಕೂಗು, ಅದಕ್ಕೆ ಬಂದ ಉತ್ತರ. ಇದನ್ನು ಯಾವ ಕಾಯ್ದೆಯೂ ನಿಲ್ಲಿಸಿಲ್ಲ.

ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಫೋಟೋ ತೆಗೆಯಲು ಬರುವ ಹುಡುಗರು ಮೊಬೈಲಿನಲ್ಲಿ ಕೌಜುಗದ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯುವುದನ್ನು ನೋಡಿದ್ದೇನೆ. ಮೊಟ್ಟೆಯ ಕಾಲದಲ್ಲಿ ಗಂಡು ಇಲ್ಲದ ವೈರಿಯನ್ನು ಹುಡುಕುತ್ತ ಬಯಲಿಗೆ ಬರುತ್ತದೆ, ಗೂಡು ಕಾಯುವವರಿಲ್ಲದೆ ಉಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಿದ್ಧೇಶ್ವರನ ದರ್ಶನಕ್ಕೆ ಸೊಲ್ಲಾಪುರಕ್ಕೋ ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟೆಗೋ ಬರುವವರು ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಒಂದು ರಾತ್ರಿ ಹೆಚ್ಚು ಉಳಿಯಿರಿ. ಸೂರ್ಯ ಮೂಡಲು ಒಂದು ಗಂಟೆ ಇರುವಾಗಲೇ ಊರ ಹೊರಗಿನ ಯಾವುದಾದರೂ ಮರಡಿಯ ಬುಡಕ್ಕೆ ಹೋಗಿ ಕೂಡಿ. ದಾರಿ ತೋರಿಸಲು ಹತ್ತಿರದ ವಸತಿಯ ಒಬ್ಬ ಪಾರಧಿಯನ್ನು ಕೇಳಿ, ಅವರ ಒಂದು ದಿನದ ಪಗಾರ ಕೈಗೆ ಕೊಡಿ, ಮೊಬೈಲು ಬಂದ್ ಇಡಿ.